ಒದ್ದೆ ಶಾಖದ ಸಾಧನಗಳು: ಕಾವು ಹಿಡಿಯುವುದು ಯಾವುದು, ಮೈ ಸುಡುವುದು ಯಾವುದು

ಒದ್ದೆ ಶಾಖ ಕೊಡಲೆಂದು ಮಾರುವ ಪ್ಯಾಕು, ಪ್ಯಾಡುಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡು ಮಾತು ಕಾಣುತ್ತವೆ. ಒಂದು, ‘ಆಳಕ್ಕೆ ಇಳಿಯುವ ಶಾಖ’. ಇನ್ನೊಂದು, ‘ನೋವಿಗೂ ಉರಿಯೂತಕ್ಕೂ’. ಮೊದಲನೆಯದು ಉತ್ಪ್ರೇಕ್ಷೆ, ಎರಡನೆಯದು ಅರ್ಧ ಸತ್ಯ. ಚರ್ಮದ ಮೇಲಿಟ್ಟ ಶಾಖ ಒಂದೆರಡು ಸೆಂಟಿಮೀಟರ್ ದಾಟಿದ ಮೇಲೆ ಹೇಳಿಕೊಳ್ಳುವಷ್ಟು ಉಳಿದಿರುವುದಿಲ್ಲ. ಬೆರಳ ಗಂಟು, ಮಣಿಕಟ್ಟಿನಂಥ ತೆಳು ಜಾಗದಲ್ಲಿ ಕೀಲಿನವರೆಗೆ ತಲುಪೀತು. ಸೊಂಟದ ಕೀಲಿಗೆ ತಲುಪದು. ಉರಿಯೂತದ ವಿಷಯವೂ ಹಾಗೆಯೇ. ಈಗಷ್ಟೇ ಉಳುಕಿದ ಪಾದ, ಕೆಂಪಗೆ ಊದಿ ಮುಟ್ಟಿದರೆ ಬಿಸಿಯಾಗಿರುವ ಮಂಡಿ ಇವುಗಳಿಗೆ ಶಾಖ ಕೊಟ್ಟರೆ ರಕ್ತದ ಹರಿವು ಹೆಚ್ಚಿ ಊತ ಇನ್ನಷ್ಟು ಏರುತ್ತದೆ.

ಒದ್ದೆ ಶಾಖ ನಿಜಕ್ಕೂ ಕೈಹಿಡಿಯುವುದು ಬೇರೆ ಕಡೆ. ಹಿಡಿದುಕೊಂಡ ಕುತ್ತಿಗೆ, ಬಿಗಿದ ಬೆನ್ನು, ಹಳೆಯ ಸಂಧಿವಾತದಲ್ಲಿ ಬೆಳಿಗ್ಗೆ ಎದ್ದಾಗಿನ ಪೆಡಸು, ಮುಟ್ಟಿನ ಹೊಟ್ಟೆನೋವು, ಇನ್ನೂ ಹಣ್ಣಾಗದ ಕುರು, ಕಣ್ಣುರೆಪ್ಪೆಯ ಗುಳ್ಳೆ. ಇವೆಲ್ಲಕ್ಕೂ ಬೇಕಾದದ್ದು ಚರ್ಮದ ಮೇಲೆ ಸುಮಾರು 40ರಿಂದ 44 ಡಿಗ್ರಿ ಸೆಲ್ಸಿಯಸ್ ಕಾವು, ಅದೂ ಸಾಮಾನ್ಯವಾಗಿ 15ರಿಂದ 20 ನಿಮಿಷ. ಅಷ್ಟು ಹೊತ್ತು ಆ ಮಟ್ಟದಲ್ಲೇ ನಿಲ್ಲುತ್ತದೆಯೇ ಎಂಬುದೇ ಸಾಧನದ ಪರೀಕ್ಷೆ. ಮೊದಲ ನಿಮಿಷ ‘ಆಹಾ’ ಅನ್ನಿಸಿ ಐದನೆಯ ನಿಮಿಷಕ್ಕೆ ತಣ್ಣಗಾಗುವುದಾದರೆ, ಅಥವಾ ಮೊದಲ ನಿಮಿಷಕ್ಕೇ ಬೊಬ್ಬೆ ಎಬ್ಬಿಸುವುದಾದರೆ, ಹೊದಿಕೆ ಎಷ್ಟು ಮೆತ್ತಗಿದ್ದರೇನು?

ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಒಣ ಬಟ್ಟೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಒದ್ದೆ ಬಟ್ಟೆಯಲ್ಲಿ ಆ ಜಾಗವನ್ನು ನೀರು ತುಂಬುತ್ತದೆ. ಅದಕ್ಕೇ ಒದ್ದೆ ಶಾಖ ಬೇಗ ಹತ್ತುತ್ತದೆ, ಅದಕ್ಕೇ ಬೇಗ ಸುಡುತ್ತದೆ ಕೂಡ. 44 ಡಿಗ್ರಿ ಕಾವು ಚರ್ಮವನ್ನು ಸುಡಲು ಸುಮಾರು 6 ಗಂಟೆ ಬೇಕು. 60 ಡಿಗ್ರಿ ನೀರಿಗೆ 5 ಸೆಕೆಂಡು ಸಾಕು. ನಡುವೆ ಇರುವುದು ಬರೀ 16 ಡಿಗ್ರಿ. ಅಡುಗೆಮನೆಯಲ್ಲಿ ಅಂದಾಜಿನಲ್ಲಿ ನಡೆಯುವ ಕೆಲಸ ಇಲ್ಲಿ ನಡೆಯದು.

ಟವೆಲ್ ಮತ್ತು ರಬ್ಬರ್ ಚೀಲ

ಮನೆಯಲ್ಲಿ ಬಳಸಲು ಎಲ್ಲಕ್ಕಿಂತ ಮೇಲು ಇದೇ. ಟವೆಲ್ ಒಂದನ್ನೇ ನೆಚ್ಚಿದರೆ ಮಾತ್ರ ಇದು ಎಲ್ಲಕ್ಕಿಂತ ಕೀಳು. ಕಾರಣಕ್ಕೆ ಸ್ವಲ್ಪ ಲೆಕ್ಕ ನೋಡಬೇಕು. ಕೈಯೊರೆಸುವ ಟರ್ಕಿ ಟವೆಲ್ಲನ್ನು ಅದ್ದಿ ಹಿಂಡಿದ ಮೇಲೆ ಅದರಲ್ಲಿ ಕಾಲು ಲೀಟರ್ ನೀರು ಉಳಿಯಿತೆನ್ನೋಣ. ಅದು 50ರಿಂದ 40 ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 10 ಕಿಲೋಜೂಲ್. ಬಟ್ಟೆಯ ಮೇಲ್ಮೈಯಿಂದ ಬರೀ 4 ಗ್ರಾಂ ನೀರು ಆವಿಯಾದರೂ ಹೆಚ್ಚುಕಡಿಮೆ ಅಷ್ಟೇ ಶಾಖ ಗಾಳಿಗೆ ಹೋಗುತ್ತದೆ. ಮುಚ್ಚದೆ ಇಟ್ಟ ಒದ್ದೆ ಟವೆಲ್ ಎರಡು-ಮೂರು ನಿಮಿಷಕ್ಕೇ ಉಗುರುಬೆಚ್ಚಗಾಗುವುದು ಇದರಿಂದ. ಇನ್ನು ಹತ್ತು ನಿಮಿಷ ಬಿಟ್ಟರೆ ಅದು ಮೈಯನ್ನೇ ತಣಿಸತೊಡಗುತ್ತದೆ. ಬಿಗಿದ ಸ್ನಾಯು ಸಡಿಲವಾಗುವ ಬದಲು ಮತ್ತೆ ಬಿಗಿಯುತ್ತದೆ.

ರಬ್ಬರ್ ಚೀಲದಲ್ಲಿ ಒಂದು ಲೀಟರ್ ನೀರು 60ರಿಂದ 40ಕ್ಕೆ ಇಳಿಯುವಾಗ 84 ಕಿಲೋಜೂಲ್ ಬಿಡುತ್ತದೆ. ಟವೆಲ್ಲಿಗಿಂತ ಎಂಟು ಪಟ್ಟು. ಹಾಗಾಗಿ ಟವೆಲ್ ಕೆಲಸ ಶಾಖವನ್ನು ಮೈಗೆ ದಾಟಿಸುವುದು, ಚೀಲದ ಕೆಲಸ ಶಾಖವನ್ನು ಕೂಡಿಟ್ಟುಕೊಂಡಿರುವುದು. ಒಂದರ ಮೇಲೊಂದು ಇಟ್ಟರೆ ಇಪ್ಪತ್ತು ನಿಮಿಷ ನಿರಾಳವಾಗಿ ನಡೆಯುತ್ತದೆ.

ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಳತೆಯ ಲೋಟವೇ ಥರ್ಮಾಮೀಟರ್. ನಲ್ಲಿ ನೀರು 25 ಡಿಗ್ರಿ ಆಸುಪಾಸಿನಲ್ಲಿದೆ ಎಂದುಕೊಂಡರೆ, ಒಂದು ಲೋಟ ಕುದಿಯುವ ನೀರಿಗೆ ಒಂದು ಲೋಟ ನಲ್ಲಿ ನೀರು ಬೆರೆಸಿದಾಗ ಸುಮಾರು 62 ಡಿಗ್ರಿ ಆಗುತ್ತದೆ, ಇದು ಚೀಲಕ್ಕೆ. ಒಂದಕ್ಕೆ ಎರಡು ಬೆರೆಸಿದರೆ 50. ಇದು ಟವೆಲ್ ಅದ್ದಲು. ಒಂದಕ್ಕೆ ಮೂರು ಬೆರೆಸಿದರೆ 44ಕ್ಕೆ ಹತ್ತಿರ. ಇದು ಕಣ್ಣಿಗೆ ಮತ್ತು ತೆಳು ಚರ್ಮದವರಿಗೆ. ಪಾತ್ರೆ ತಾನೂ ಒಂದಿಷ್ಟು ಕಾವು ಹೀರುವುದರಿಂದ ಒಂದೆರಡು ಡಿಗ್ರಿ ಕಡಿಮೆಯೇ ಇರುತ್ತದೆ, ಅದು ಒಳ್ಳೆಯದಕ್ಕೇ. ನಲ್ಲಿ ನೀರು ಬಿಸಿಲಿಗೆ ಕಾದಿದ್ದರೆ ಈ ಲೆಕ್ಕ ಮೇಲಕ್ಕೆ ಜಾರುತ್ತದೆ, ಆಗ ನಲ್ಲಿ ನೀರಿನ ಪಾಲು ಹೆಚ್ಚಿಸಿ.

50 ಡಿಗ್ರಿ ನೀರಿನಲ್ಲಿ ಕೈಯಿಟ್ಟು ಹಿಂಡಲು ಆಗುವುದಿಲ್ಲ. ಟವೆಲ್ಲನ್ನು ಉದ್ದಕ್ಕೆ ಮಡಿಸಿ, ಎರಡು ತುದಿಗಳನ್ನು ಒಣದಾಗಿ ಕೈಯಲ್ಲಿ ಹಿಡಿದು, ನಡುಭಾಗ ಮಾತ್ರ ಅದ್ದಿ. ಮೇಲೆತ್ತಿ ಒಣ ತುದಿಗಳನ್ನು ಎದುರುಬದುರಾಗಿ ತಿರುಚಿ. ತೊಟ್ಟಿಕ್ಕುವುದು ನಿಂತರೆ ಸಾಕು. ಸರಿಯಾಗಿ ಹಿಂಡದ ಟವೆಲ್ಲಿನಿಂದ ಬಿಸಿನೀರು ಹರಿದು ಕಂಕುಳು, ಮಂಡಿಯ ಹಿಂಬದಿಯ ಮಡಿಕೆಯಲ್ಲಿ ನಿಲ್ಲುತ್ತದೆ; ಅಲ್ಲಿನ ಚರ್ಮ ತೆಳು, ಬೊಬ್ಬೆ ಬರುವುದೂ ಅಲ್ಲೇ. ಹಿಂಡಿದ್ದನ್ನು ಒಮ್ಮೆ ಕೊಡವಿ, ಮುಂಗೈಯ ಒಳಭಾಗಕ್ಕೆ ಐದು ಸೆಕೆಂಡು ಮುಟ್ಟಿಸಿ ನೋಡಿ. ಅಂಗೈ ಈ ಪರೀಕ್ಷೆಗೆ ಒಗ್ಗದು, ಪಾತ್ರೆ ಹಿಡಿದು ಒರಟಾದ ಅಂಗೈಗಂತೂ ಎಲ್ಲವೂ ಹಿತವೇ.

ನಾಲ್ಕು ಮಡಿಕೆಯಾಗಿ ನೋವಿನ ಜಾಗದ ಮೇಲೆ ಹಾಕಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚೀಲ, ಎಲ್ಲದರ ಮೇಲೆ ಒಣ ಟವೆಲ್. ಪ್ಲಾಸ್ಟಿಕ್ ಹಾಳೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಆವಿಯನ್ನು ತಡೆಯುವುದು ಅದೇ, ಚೀಲದ ಹೊರಮೈ ಒದ್ದೆಯಾಗದಂತೆ ನೋಡಿಕೊಳ್ಳುವುದೂ ಅದೇ.

ಚೀಲ ಕೊಳ್ಳುವಾಗ ಕತ್ತಿನ ಬಳಿ ಅಚ್ಚಾಗಿರುವ ಹೂವಿನಂಥ ಗುರುತು ನೋಡಿ. ಹನ್ನೆರಡು ಎಸಳು ಎಂದರೆ ಹನ್ನೆರಡು ತಿಂಗಳು, ನಡುವಿನ ಅಂಕಿ ತಯಾರಾದ ವರ್ಷ. ಹೂವೇ ಇಲ್ಲದ ಚೀಲ ಎಷ್ಟು ಹಳೆಯದೆಂದು ಗೊತ್ತಾಗದು, ಬಿಟ್ಟುಬಿಡಿ. ಬ್ರಿಟಿಷ್ ಮಾನದಂಡ ಬಿಎಸ್ 1970 ಎಂಬ ಗುರುತಿದ್ದರೆ ರಬ್ಬರಿನ ದಪ್ಪ, ಬಲಗಳ ಬಗ್ಗೆ ಒಂದಿಷ್ಟು ಭರವಸೆ. ಎರಡು ವರ್ಷ ಬಳಸಿದ ಮೇಲೆ, ಅಥವಾ ಚೀಲ ಬಗ್ಗಿಸಿದಾಗ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ಬದಲಾಯಿಸಿ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು; ಉಳಿದ ಗಾಳಿಯನ್ನು ಒತ್ತಿ ಹೊರಗೆ ಬಿಟ್ಟು ಬಿರಡೆ ಬಿಗಿಯಬೇಕು. ಗಾಳಿ ಉಳಿದರೆ ಚೀಲ ಬಿಮ್ಮೆಂದು ಉಬ್ಬಿ ಮೈಗೆ ಹೊಂದಿಕೊಳ್ಳದು, ಮೇಲೆ ಭಾರ ಬಿದ್ದಾಗ ಬಿರಡೆಯೇ ಹಾರೀತು. ಕುದಿಯುವ ನೀರು ಹಾಕಿದರೆ ರಬ್ಬರಿನ ಆಯುಸ್ಸೂ ಕಡಿಮೆ, ತುಂಬುವ ಕೈಗೂ ಅಪಾಯ. ಬಳಸಿದ ಮೇಲೆ ನೀರು ಚೆಲ್ಲಿ, ಬಾಯಿ ಕೆಳಗಾಗಿ ತೂಗುಹಾಕಿ; ಬಿರಡೆ ಹಾಕಿ ಮಡಿಸಿಟ್ಟ ಚೀಲದ ಒಳಗೋಡೆಗಳು ಅಂಟಿಕೊಳ್ಳುತ್ತವೆ.

ಜೇಡಿಮಣ್ಣಿನ ಪ್ಯಾಕ್

ಫಿಸಿಯೋಥೆರಪಿ ಕೊಠಡಿಗಳಲ್ಲಿ ಸ್ಟೀಲ್ ತೊಟ್ಟಿಯಿಂದ ಇಕ್ಕಳದಲ್ಲಿ ಎತ್ತಿ ತರುವ, ಹೊಲಿಗೆಯ ಪಟ್ಟೆಪಟ್ಟೆ ಕ್ಯಾನ್ವಾಸ್ ಚೀಲ ಇದು. ಹೈಡ್ರೊಕೊಲೇಟರ್ ಪ್ಯಾಕ್ ಎಂದೇ ರೂಢಿ. ಪಟ್ಟೆಗಳೊಳಗೆ ಬೆಂಟೊನೈಟ್ ಎಂಬ, ನೀರು ಹೀರಿ ಉಬ್ಬುವ ಜೇಡಿಮಣ್ಣು. ಕಾವು ಹಿಡಿದಿಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ: ಮೈಯ ಅಂಕುಡೊಂಕಿಗೆ ಹೊಂದಿಕೊಳ್ಳುತ್ತದೆ, ಅರ್ಧ ಗಂಟೆಯವರೆಗೆ ಕೆಲಸಕ್ಕೆ ಬರುವಷ್ಟು ಬಿಸಿಯಿರುತ್ತದೆ.

ಆದರೆ ತೊಟ್ಟಿಯ ನೀರು ಇರುವುದು 71ರಿಂದ 74 ಡಿಗ್ರಿಯಲ್ಲಿ. ಪ್ಯಾಕನ್ನು ನೇರವಾಗಿ ಮೈಗೆ ತಾಗಿಸಿದರೆ ಕ್ಷಣದಲ್ಲಿ ಸುಡುತ್ತದೆ. ಪ್ಯಾಕಿಗೂ ಚರ್ಮಕ್ಕೂ ನಡುವೆ ಟರ್ಕಿ ಟವೆಲ್ಲಿನ 6ರಿಂದ 8 ಪದರ ಇರಲೇಬೇಕು. ಪ್ಯಾಕಿನ ಜೊತೆ ಮಾರುವ ದಪ್ಪ ಹೊದಿಕೆಯನ್ನು ಎರಡು-ಮೂರು ಪದರವೆಂದು ಎಣಿಸಿ, ಉಳಿದದ್ದನ್ನು ಟವೆಲ್ಲಿನಿಂದ ತುಂಬಿಸಿ. ಹೊದಿಕೆ ಹಿಂದಿನ ಸಲ ಒದ್ದೆಯಾಗಿ ಇನ್ನೂ ಆರದಿದ್ದರೆ ಅದನ್ನು ಪದರವೆಂದು ಎಣಿಸಲೇಬೇಡಿ. ಒದ್ದೆ ಪದರ ಶಾಖವನ್ನು ತಡೆಯುವುದಿಲ್ಲ, ದಾಟಿಸುತ್ತದೆ.

ಇನ್ನೊಂದು ತಪ್ಪು, ಪ್ಯಾಕನ್ನು ಹಾಸಿಗೆ ಮೇಲಿಟ್ಟು ಅದರ ಮೇಲೆ ಬೆನ್ನು ಊರಿ ಮಲಗುವುದು. ಮೈಭಾರಕ್ಕೆ ಪದರಗಳ ನಡುವಿನ ಗಾಳಿ ಹೊರಟುಹೋಗಿ ಅವು ತೆಳ್ಳಗಾಗುತ್ತವೆ. ಅದೇ ಹೊತ್ತಿಗೆ ಒತ್ತಡದಿಂದ ಚರ್ಮದ ರಕ್ತನಾಳಗಳು ಮುಚ್ಚಿಕೊಂಡು, ಶಾಖವನ್ನು ಹೊತ್ತೊಯ್ಯಬೇಕಾದ ರಕ್ತವೂ ಅಲ್ಲಿ ಹರಿಯದು. ಬೆನ್ನಿಗೆ ಬೇಕೆಂದರೆ ಬೋರಲು ಮಲಗಿ ಹೊಟ್ಟೆಯ ಕೆಳಗೊಂದು ದಿಂಬು ಕೊಟ್ಟು, ಪ್ಯಾಕನ್ನು ಮೇಲೆ ಇಡಬೇಕು. ಐದನೆಯ ನಿಮಿಷಕ್ಕೆ ಎತ್ತಿ ಚರ್ಮ ನೋಡಿ. ಎಲ್ಲೆಡೆ ಸಮನಾದ ತಿಳಿಗೆಂಪು ಇದ್ದರೆ ಸರಿ. ಕೆಂಪಿನ ನಡುನಡುವೆ ಬಿಳಿಚಿದ ಮಚ್ಚೆಗಳಿದ್ದರೆ ಕಾವು ಅತಿಯಾಗಿದೆ, ಇನ್ನೆರಡು ಪದರ ಸೇರಿಸಿ ಅಥವಾ ಅಲ್ಲಿಗೇ ನಿಲ್ಲಿಸಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ. ಬೆರಳಿನಿಂದ ಮುಟ್ಟಿ ಬಿಸಿ ನೋಡಿ, ‘ಚುರುಚುರು ಅನ್ನುತ್ತಿದೆಯೇ’ ಎಂದು ಕೇಳಿ.

ಮನೆಗೆ ಕೊಳ್ಳಬೇಕೇ? ವಾರಕ್ಕೆ ನಾಲ್ಕೈದು ದಿನ ಬಳಸುವವರಿಗೆ ಹೌದು. ಅಪರೂಪಕ್ಕೆ ಬಳಸುವವರಿಗೆ ಬೇಡ, ಏಕೆಂದರೆ ಇದು ಆರಲು ಬಿಟ್ಟರೆ ಕೆಡುತ್ತದೆ. ಹೊಸ ಪ್ಯಾಕನ್ನು ಮೊದಲು ಇಡೀ ರಾತ್ರಿ ನೀರಿನಲ್ಲಿ ನೆನೆಯಿಸಿ ಮಣ್ಣು ಪೂರ್ತಿ ಉಬ್ಬಲು ಬಿಡಬೇಕು. ತೊಟ್ಟಿ ಇಲ್ಲದ ಮನೆಯಲ್ಲಿ ಅಗಲ ಪಾತ್ರೆಯ ತಳಕ್ಕೆ ಬಟ್ಟೆಯೊಂದನ್ನು ಹಾಸಿ, ಪ್ಯಾಕ್ ಪೂರ್ತಿ ಮುಳುಗುವಷ್ಟು ನೀರು ಹಾಕಿ, ಕುದಿ ಬರುವ ಮೊದಲೇ ಉರಿ ತಗ್ಗಿಸಿ ಇಪ್ಪತ್ತು-ಮೂವತ್ತು ನಿಮಿಷ ಕಾಯಿಸಬೇಕು. ಬಟ್ಟೆ ಹಾಸದಿದ್ದರೆ ತಳಕ್ಕೆ ತಾಗಿದ ಕ್ಯಾನ್ವಾಸ್ ಸೀಯುತ್ತದೆ. ಬಳಸಿದ ಮೇಲೆ ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡಿ. ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಿ ‘ಶುಚಿಯಾಗಿ’ ಒಣಗಿಸಿದರೆ ಮಣ್ಣು ಗಡ್ಡೆಕಟ್ಟಿ, ಮುಂದಿನ ಸಲ ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ. ಹೊಲಿಗೆಯಿಂದ ಕೆಸರು ಜಿನುಗತೊಡಗಿದರೆ ಎಸೆಯುವುದೇ ದಾರಿ.

ವಿದ್ಯುತ್ ಪ್ಯಾಡ್

ಒದ್ದೆ ಶಾಖದ ಹೀಟಿಂಗ್ ಪ್ಯಾಡುಗಳಲ್ಲಿ ಎರಡು ಬಗೆ. ಒಂದರಲ್ಲಿ ತೆಳು ಸ್ಪಂಜಿನ ಹಾಳೆ ಇರುತ್ತದೆ: ಅದನ್ನು ನೆನೆಸಿ, ಚೆನ್ನಾಗಿ ಹಿಂಡಿ, ಪ್ಯಾಡಿಗೂ ಮೈಗೂ ನಡುವೆ ಸೇರಿಸಬೇಕು. ಇನ್ನೊಂದರ ಹೊದಿಕೆಯ ಬಟ್ಟೆ ಗಾಳಿಯ ತೇವವನ್ನೇ ಹೀರಿ, ಕಾದಾಗ ಮೈಗೆ ಬಿಡುತ್ತದೆ ಎನ್ನುತ್ತಾರೆ. ಗಾಳಿ ತೇವವಾಗಿದ್ದಾಗ ಅದು ಅಷ್ಟಿಷ್ಟು ನಿಜ. ಒಣ ಹವೆಯಲ್ಲಿ, ಹವಾನಿಯಂತ್ರಿತ ಕೋಣೆಯಲ್ಲಿ, ಅದು ಬರೀ ಒಣ ಶಾಖ. ಕೊಳ್ಳುವುದಾದರೆ ಸ್ಪಂಜಿನದೇ ಇರಲಿ.

ಬೆನ್ನಿನಂಥ ಅಗಲ ಜಾಗಕ್ಕೆ, ನೀರು ಕಾಯಿಸಿ ಎತ್ತಿ ಸುರಿಯಲಾಗದ ವಯಸ್ಸಾದವರಿಗೆ ಇದು ಅನುಕೂಲ. ತೊಡಕೂ ಇದರ ಅನುಕೂಲದಿಂದಲೇ: ಟವೆಲ್, ಚೀಲ, ಪ್ಯಾಕ್ ಎಲ್ಲವೂ ತಾವಾಗಿಯೇ ತಣಿಯುತ್ತವೆ, ಮರೆತರೂ ಕಾಪಾಡುತ್ತವೆ. ವಿದ್ಯುತ್ ಪ್ಯಾಡ್ ತಣಿಯುವುದಿಲ್ಲ. ತಾನಾಗಿ ಆರಿಹೋಗುವ ಟೈಮರ್ ಇಲ್ಲದ ಪ್ಯಾಡನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. ಎರಡು ಗಂಟೆಗೆ ಆರುವ ಟೈಮರ್ ಕೂಡ ಚರ್ಮದ ಲೆಕ್ಕದಲ್ಲಿ ತೀರಾ ದೀರ್ಘ. 20 ಅಥವಾ 30 ನಿಮಿಷಕ್ಕೆ ಹೊಂದಿಸಬಹುದಾದದ್ದನ್ನು ಹುಡುಕಿ.

ಒದ್ದೆ ಶಾಖಕ್ಕೆಂದು ಸ್ಪಷ್ಟವಾಗಿ ಬರೆದಿರದ ಸಾಮಾನ್ಯ ಪ್ಯಾಡಿನ ಕೆಳಗೆ ಒದ್ದೆ ಬಟ್ಟೆ ಹಾಕಲೇಬಾರದು. ಪ್ಯಾಡನ್ನು ಮಡಿಸಿ ಬಳಸಬಾರದು, ಪಿನ್ನು ಚುಚ್ಚಬಾರದು: ಮಡಿಕೆಯಲ್ಲಿ ತಂತಿಯ ಮೇಲೆ ತಂತಿ ಬಿದ್ದು ಅಲ್ಲೊಂದು ಕಡೆ ಮಾತ್ರ ಕಾವು ಏರುತ್ತದೆ. ದಿನವೂ ಗಂಟೆಗಟ್ಟಲೆ ಕಡಿಮೆ ಕಾವಿನಲ್ಲಿ ಇಟ್ಟುಕೊಂಡರೆ ಸುಡದಿದ್ದರೂ ಚರ್ಮದ ಮೇಲೆ ಮೀನುಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ಕಂಡ ಕೂಡಲೇ ಶಾಖ ನಿಲ್ಲಿಸಿದರೆ ನಿಧಾನಕ್ಕೆ ಮಾಸುತ್ತವೆ. ಮುಂದುವರಿಸಿದರೆ ಕಲೆ ಉಳಿಯುತ್ತದೆ.

ಮೈಕ್ರೋವೇವ್ ಪ್ಯಾಕುಗಳು

ಗೋಧಿ ತುಂಬಿದ ಬಟ್ಟೆ ಚೀಲವನ್ನು ಒದ್ದೆ ಶಾಖ ಎಂದು ಮಾರುವುದು ಮಾತಿನ ಜಾಣತನ. ಕಾಳಿನಲ್ಲಿ ನೂರಕ್ಕೆ ಹನ್ನೆರಡರಷ್ಟು ತೇವ ಇರುತ್ತದೆ. ಮೊದಮೊದಲು ಕಾಯಿಸಿದಾಗ ಅದರಲ್ಲೊಂದಿಷ್ಟು ಹೊರಬರುತ್ತದೆ. ಮತ್ತೆ ಮತ್ತೆ ಕಾಯಿಸಿದಷ್ಟೂ ಕಾಳು ಒಣಗುತ್ತಾ ಹೋಗುತ್ತದೆ. ತೇವ ಹೋದ ಮೇಲೆ ಕಾವಿಗೆ ಕಡಿವಾಣವಿಲ್ಲ: ನಡುವಿನ ಕಾಳು ಸೀದು, ಒಳಗೊಳಗೇ ಕೆಂಡವಾಗಿ, ಹಾಸಿಗೆಯೊಳಗೆ ಹೊತ್ತಿಕೊಂಡ ಉದಾಹರಣೆಗಳಿವೆ. ಹುರಿದ ವಾಸನೆ ಬಂದ ದಿನವೇ ಎಸೆದುಬಿಡಿ. ಪೂರ್ತಿ ತಣ್ಣಗಾಗದೆ ಮತ್ತೆ ಕಾಯಿಸಬೇಡಿ, ಹೊದಿಕೆಯೊಳಗೆ ಇಟ್ಟು ಮಲಗಬೇಡಿ.

ತೇವ ಹೀರುವ ಮಣಿ ತುಂಬಿದ ಪ್ಯಾಕುಗಳು ಇದಕ್ಕಿಂತ ಎಷ್ಟೋ ಮೇಲು. ಗಾಳಿಯ ತೇವವನ್ನು ಹೀರಿಕೊಂಡ ಮಣಿಗಳು ಕಾದಾಗ ಅದನ್ನು ಆವಿಯಾಗಿ ಬಿಡುತ್ತವೆ. ಬಿಟ್ಟದ್ದನ್ನು ಮತ್ತೆ ತುಂಬಿಕೊಳ್ಳಲು ಕೆಲವು ಗಂಟೆ ಬೇಕು. ಹಾಗಾಗಿ ದಿನಕ್ಕೆ ಎರಡು-ಮೂರು ಸಲ ಬಳಸುವವರಿಗೆ ಸರಿ, ಗಂಟೆಗೊಮ್ಮೆ ಬೇಕೆನ್ನುವವರಿಗೆ ಅಲ್ಲ. ಡಬ್ಬಿಯ ಮೇಲಿನ ಸಮಯ ಯಾವ ವ್ಯಾಟಿಗೆ ಎಂದು ನೋಡಿಕೊಳ್ಳಿ: 1000 ವ್ಯಾಟಿನಲ್ಲಿ 60 ಸೆಕೆಂಡು ಎಂದಿದ್ದರೆ 700 ವ್ಯಾಟಿನ ಒಲೆಯಲ್ಲಿ ಸುಮಾರು 85 ಸೆಕೆಂಡು. ತಿರುಗುವ ತಟ್ಟೆ ಅಡ್ಡಿಯಿಲ್ಲದೆ ತಿರುಗುತ್ತಿರಬೇಕು. ಪ್ಯಾಕಿನ ಅಂಚು ಗೋಡೆಗೆ ತಾಗಿ ತಟ್ಟೆ ನಿಂತರೆ ಒಂದೇ ಕಡೆ ಕಾವು ಬೀಳುತ್ತದೆ. ಹೊರತೆಗೆದು ಅಲುಗಾಡಿಸಿ ಮಣಿಗಳನ್ನು ಕಲಸಿ, ಅರ್ಧ ನಿಮಿಷ ಬಿಟ್ಟು ಮೈಗೆ ಇಡಿ.

ಜೆಲ್ ಪ್ಯಾಕು ಒಣ ಶಾಖವೇ. ಒದ್ದೆ ಬಟ್ಟೆ ಸುತ್ತಿ ಬಳಸಬಹುದು, ಆದರೆ ಬೇಗ ತಣಿಯುತ್ತದೆ. ತಣ್ಣನೆ ಪಟ್ಟಿಗೆ ಇಟ್ಟುಕೊಳ್ಳಿ.

ಕಣ್ಣಿಗೆ, ಕುರುವಿಗೆ

ಕಣ್ಣುರೆಪ್ಪೆಯ ಗ್ರಂಥಿಗಳಲ್ಲಿ ಗಟ್ಟಿಯಾದ ಜಿಡ್ಡು ಕರಗಬೇಕಾದರೆ ರೆಪ್ಪೆಯ ಮೇಲೆ ಸುಮಾರು 40 ಡಿಗ್ರಿ ಕಾವು ಐದರಿಂದ ಹತ್ತು ನಿಮಿಷ ನಿಲ್ಲಬೇಕು. ಕರವಸ್ತ್ರ ಅಷ್ಟು ಹೊತ್ತು ಹಿಡಿಯದು. ಒಂದೇ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಂಡು ‘ಏನೂ ಆಗಲಿಲ್ಲ’ ಎನ್ನುವುದು ಇದರಿಂದಲೇ. ಎರಡು ಬಟ್ಟೆ ಇಟ್ಟುಕೊಂಡು ಎರಡೆರಡು ನಿಮಿಷಕ್ಕೆ ಬದಲಾಯಿಸಿ, ಅಥವಾ ಮಣಿ ತುಂಬಿದ ಕಣ್ಣುಪಟ್ಟಿ ಕೊಳ್ಳಿ. ಈ ಒಂದು ಕೆಲಸಕ್ಕೆ ಕೊಂಡ ಸಾಧನ ಟವೆಲ್ಲನ್ನು ಸುಲಭವಾಗಿ ಮೀರಿಸುತ್ತದೆ. ಕಣ್ಣು ಮುಚ್ಚಿರಬೇಕು, ಕಾಂಟ್ಯಾಕ್ಟ್ ಲೆನ್ಸ್ ತೆಗೆದಿರಬೇಕು, ಗುಡ್ಡೆಯನ್ನು ಒತ್ತಬಾರದು. ರೆಪ್ಪೆಯ ಗುಳ್ಳೆಗೆ ದಿನಕ್ಕೆ ಮೂರು-ನಾಲ್ಕು ಸಲ ಹೀಗೆ ಮಾಡಬಹುದು, ಹಿಸುಕುವಂತಿಲ್ಲ.

ಮೈಮೇಲಿನ ಕುರುವಿಗೂ ದಿನಕ್ಕೆ ಮೂರು-ನಾಲ್ಕು ಸಲ, ಹತ್ತು-ಹದಿನೈದು ನಿಮಿಷ. ಇಲ್ಲಿ ಮಾತ್ರ ಕೊಂಡ ಪ್ಯಾಕುಗಳನ್ನು ದೂರವಿಡಿ. ತಾನಾಗಿ ಒಡೆದ ಕುರುವಿನ ಕೀವು ಕ್ಯಾನ್ವಾಸಿಗೆ, ಸ್ಪಂಜಿಗೆ ಇಳಿದರೆ ತೊಳೆದು ತೆಗೆಯಲಾಗದು. ಕುದಿಯುವ ನೀರಿನಲ್ಲಿ ಒಗೆಯಬಹುದಾದ ಹತ್ತಿ ಬಟ್ಟೆಯೇ ಬೇಕು. ಒಮ್ಮೆ ಬಳಸಿದ್ದನ್ನು ಒಗೆಯದೆ ಮತ್ತೆ ಅದ್ದಬೇಡಿ, ಮನೆಯ ಇನ್ನೊಬ್ಬರ ಟವೆಲ್ ಜೊತೆ ಬೆರೆಸಬೇಡಿ. ಜ್ವರ ಬಂದರೆ, ಕುರುವಿನ ಸುತ್ತ ಕೆಂಪು ಹರಡಿದರೆ, ಮುಖದ ನಡುಭಾಗದಲ್ಲಿ ಎದ್ದಿದ್ದರೆ ಶಾಖ ಕೊಡುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಯಾವ ಸಾಧನವೂ ಬೇಡದ ಸಂದರ್ಭಗಳು

ಪೆಟ್ಟು ಬಿದ್ದ ಮೊದಲ ಎರಡು-ಮೂರು ದಿನ. ತೆರೆದ ಗಾಯ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಅದು ಒಳ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಿರಬಹುದು. ಗಡ್ಡೆ ಇರುವ ಜಾಗ, ಗರ್ಭಿಣಿಯ ಹೊಟ್ಟೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರದು ಎಲ್ಲಕ್ಕಿಂತ ಕಷ್ಟ: ಸುಡುತ್ತಿರುವುದು ಅವರಿಗೆ ತಿಳಿಯುವುದೇ ಇಲ್ಲ, ಬೊಬ್ಬೆ ಕಂಡ ಮೇಲಷ್ಟೇ ಗೊತ್ತಾಗುತ್ತದೆ, ಅದು ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು.

ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಒದ್ದೆ ಶಾಖ ಇಡುವುದು ಬಹಳ ಸಾಮಾನ್ಯವಾದ ತಪ್ಪು. ಮೆಂಥಾಲ್, ಕ್ಯಾಪ್ಸೈಸಿನ್ ಇರುವ ಮುಲಾಮು ಕಾವಿಗೆ ಚರ್ಮದೊಳಕ್ಕೆ ಹೆಚ್ಚು ಇಳಿದು ಉರಿ ಎಬ್ಬಿಸುತ್ತದೆ, ಬೊಬ್ಬೆಯೂ ಬರಬಹುದು. ಸೋಪು ಹಚ್ಚಿ ತೊಳೆದು, ಒರೆಸಿ, ಆಮೇಲೆ ಶಾಖ. ಫೆಂಟಾನಿಲ್‌ನಂಥ ಔಷಧದ ಪಟ್ಟಿ ಮೈಗೆ ಅಂಟಿಸಿಕೊಂಡವರು ಅದರ ಮೇಲಾಗಲಿ ಹತ್ತಿರವಾಗಲಿ ಶಾಖ ಇಡಲೇಬಾರದು. ಕಾವಿಗೆ ಔಷಧ ಒಮ್ಮೆಲೇ ರಕ್ತಕ್ಕಿಳಿದು ಉಸಿರಾಟವೇ ಕುಂಠಿತವಾಗಬಹುದು.

ಶಾಖ ಮುಗಿದ ಮೇಲೆ ಜಾಗವನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಬಿಗಿದ ಸ್ನಾಯುವನ್ನು ಮೆಲ್ಲಗೆ ಎಳೆದು ಸಡಿಲಿಸಲು ಮುಂದಿನ ಐದು-ಹತ್ತು ನಿಮಿಷವೇ ಸೂಕ್ತ; ಬರಿಮೈಯಲ್ಲಿ ಫ್ಯಾನಿನ ಕೆಳಗೆ ಕೂತರೆ ಆ ಹೊತ್ತು ಕೈತಪ್ಪುತ್ತದೆ. ಕೆಂಪು ಅರ್ಧ-ಮುಕ್ಕಾಲು ಗಂಟೆಯಲ್ಲಿ ಇಳಿಯಬೇಕು. ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಮುಂದಿನ ಸಲ ನಲ್ಲಿ ನೀರಿನ ಪಾಲು ಅರ್ಧ ಲೋಟ ಹೆಚ್ಚಿಸಿ.